ಕಂಬಳಿ ಇದ್ದ ಕಡೆ ಟಗರು

ನಮ್ಮ ಕಸ್ತೂರಿರಂಗನಿಗೆ ಹಸುವಿನ ಹಾಲು ಒಗ್ಗಲಿಲ್ಲ. ಕುಡಿದದ್ದನ್ನೆಲ್ಲ ಮೊಸರಿನ ಹಾಗೆ ಕಕ್ಕಿಬಿಡುತ್ತಿದ್ದ. ನನ್ನಲ್ಲಿ ಹಾಲು ಸಾಲದು. ಮೈಸೂರಿನಲ್ಲಾದರೆ ಒಂದು ಬೀದಿ ದಾಟಿದರೆ ಡಾಕ್ಟರು. ಕಿರುಗಾವಲಿನಲ್ಲಿ ಯಾರನ್ನು ಕೇಳುವುದು? ನಮ್ಮ ಯಜಮಾನರು ತಿರುನಾರಾಯಣರಿಗೆ ನಾಲೆಯಲ್ಲಿ ಓವರ್‌ಸೀಯರ್ ಕೆಲಸ. ಬೆಳಗ್ಗೆ ಸೈಕಲ್ಲು ಹತ್ತಿದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಂಡ್ಯದ ಆಫೀಸಿಗೆ ಕರೆ ಬಂದ ದಿನ ಅದೂ ಇಲ್ಲ. ಮನೆಯಲ್ಲಿ ನಾನು, ಮಗು, ನಮ್ಮ ಅತ್ತೆ ಗೋದಮ್ಮನವರು. ಮಗು ಅತ್ತರೆ ಯಾಕೆ ಅಳುತ್ತಿದೆ ಎಂದು ಹೆದರಿಕೆ, ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂದು ಹೆದರಿಕೆ. ಮೂವತ್ತಾರನೆಯ ಇಸವಿಯ ಆ ಮಳೆಗಾಲದಲ್ಲಿ ಊರ ತುಂಬ ಚಳಿಜ್ವರ ಬೇರೆ.

ಆಡಿನ ಹಾಲು ಕೊಟ್ಟು ನೋಡಿ ಎಂದು ಪಕ್ಕದ ಮನೆಯವರು ಹೇಳಿಕಳಿಸಿದರು. ಮಾರನೆಯ ಬೆಳಗ್ಗೆ ನಮ್ಮ ಹಿತ್ತಿಲ ಬಾಗಿಲಿಗೆ ಒಬ್ಬ ಮುದುಕಿ ಬಂದು ನಿಂತಳು. ಗಿಡ್ಡ ಆಳು, ಅಂಗಾಲೆಲ್ಲ ಸೀಳು, ಸೆರಗಿನ ಮರೆಯಲ್ಲಿ ಹಿತ್ತಾಳೆ ಚೊಂಬು.

“ಆಡಿನಾಲು ತಂದಿವ್ನಿ ಕಣವ್ವ. ವಸಿ ನೀರ್ ಬೆರ್ಸಿ ಕಾಯ್ಸಿ.”

ನಮ್ಮತ್ತೆ ಒಳಗಿನಿಂದಲೇ, “ಆ ಚೊಂಬು ಕುರಿ ನಾತ ಹೊಡೆಯುತ್ತೆ, ಬೇರೆ ಪಾತ್ರೆಗೆ ಸುರಿಸಿಕೋ” ಎಂದರು.

“ಕುರಿ ನಾತ ಚೊಂಬಿಂದಲ್ಲ ಕಣ್ ದೊಡ್ಡವ್ವ, ನಂದು. ಚೊಂಬ ಉಜ್ಜಿ ತೊಳ್ದಿವ್ನಿ. ನನ್ನ ತೊಳಿಯಕಾದಾತಾ?”

ಅತ್ತೆಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಮುದುಕಿ ಚಿಕ್ಕಬೋರಮ್ಮ. ಊರಾಚೆಯ ಕಾರೆಮೆಳೆ ಕಾವಲಿನಲ್ಲಿ ಕುರಿ ರೊಪ್ಪ ಹೂಡಿರುವ ಪುಟ್ಟಮಾದಯ್ಯನ ಹೆಂಡತಿ. ಅವತ್ತಿನಿಂದ ದಿನವೂ ಹಾಲು ತರುವಳು. ಹಾಲು ಸುರಿದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕಾಲು ಚಾಚಿ, “ಅಯ್ಯೋ ಮಾದಪ್ಪ” ಎಂದು ಕೂರುವಳು. ಹಾಲನ್ನು ನಾನು ಎರಡು ಸಲ ಕಾಯಿಸುತ್ತಿದ್ದೆ. ಅದು ಉಕ್ಕಿ, ಆರಿ, ಮತ್ತೆ ಉಕ್ಕುವವರೆಗೆ ಅವಳ ಮಾತು. ಅವಳ ಗಂಡನ ಬದುಕು ನನಗೆ ತಿಳಿದದ್ದು ಹೀಗೆ, ಒಲೆಯ ಮುಂದೆ ಕೂತು, ಚೂರುಚೂರಾಗಿ.

ಪುಟ್ಟಮಾದಯ್ಯ ಮದ್ದೂರು ತಾಲ್ಲೂಕಿನ ಆತಗೂರು ಕಡೆಯವನು. ಚಿಕ್ಕಂದಿನಿಂದ ಊರವರ ಕುರಿಗಳನ್ನು ಪಾಲಿಗೆ ಮೇಯಿಸುತ್ತಿದ್ದನಂತೆ. ಹುಟ್ಟಿದ ಮರಿಗಳಲ್ಲಿ ಅರ್ಧ ಕುರಿಯೊಡೆಯನಿಗೆ, ಅರ್ಧ ಮೇಯಿಸಿದವನಿಗೆ. ಹಾಗೆ ಕೂಡಿದ ಒಂದಷ್ಟು ಕುರಿ ಅವನವೇ ಆಗುವ ಹೊತ್ತಿಗೆ ಮದುವೆಯಾಯಿತು. ಮದುವೆಯ ಹೊಸತರಲ್ಲೇ ಊರಿಗೆ ಪ್ಲೇಗು ಬಂತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನರೆಲ್ಲ ಹೊಲಗಳಲ್ಲಿ ಸೋಗೆ ಗುಡಿಸಲು ಹಾಕಿಕೊಂಡರು. ಪುಟ್ಟಮಾದಯ್ಯ ಕುರಿಗಳನ್ನೂ ಹೆಂಡತಿಯನ್ನೂ ಹೊರಡಿಸಿಕೊಂಡು, ಹುಲ್ಲು ಕಂಡ ಕಡೆ ನಿಂತು, ಹುಲ್ಲು ಮುಗಿದಾಗ ನಡೆದು, ಕಾರೆಮೆಳೆಗೆ ಬಂದು ಮುಟ್ಟಿದ. ಅಲ್ಲಿ ಕುರಿಗಳು ಈಯಲು ಶುರುಮಾಡಿದವು.

ಕಾವಲು ಎಂದರೆ ಸರ್ಕಾರದ ಹುಲ್ಲುಗಾವಲು ಎಂದು ಹೆಸರು. ಇದ್ದದ್ದು ಕಾರೆಮುಳ್ಳು, ಜಾಲಿ, ಬಂಡೆಕಲ್ಲು, ಚಿರತೆ. ನೀರಿಲ್ಲ. ಅಲ್ಲಿ ಯಾರೂ ಕುರಿ ಕೂಡಿಹಾಕಿದವರಿರಲಿಲ್ಲ. ಪ್ಲೇಗು ಬಿಟ್ಟು ಜನ ಊರಿಗೆ ಮರಳಿದರು. ಕರೆಯಲು ಬಂದ ಅಣ್ಣನಿಗೆ ಪುಟ್ಟಮಾದಯ್ಯ, ಮರಿಗಳು ಇನ್ನೂ ಎಳೆಯವು, ನಡೆಯಲಾರವು ಎಂದ. ಮರಿಗಳು ದೊಡ್ಡವಾದವು. ಅಷ್ಟರಲ್ಲಿ ಇನ್ನಷ್ಟು ಮರಿಯಾದವು.

“ಇವತ್ತ್ ಓಗಾನ, ನಾಳೀಕ್ ಓಗಾನ ಅಂತಾನೆ ಇದ್ದ” ಎನ್ನುತ್ತಿದ್ದಳು ಬೋರಮ್ಮ. “ನಾನು ತಂದಿದ್ದ್ ಗಂಟ್ನೂ ಬಿಚ್ಚಿರ್ನಿಲ್ಲ ಕಣವ್ವ. ಈ ಮಾದು ಉಟ್ಟಾಗ ಅರಿವೆ ಬೇಕಾಗಿ ಬಿಚ್ದೆ.”

ಮಾದು ಎಂದರೆ ಚಿಕ್ಕಮಾದು, ಅವಳ ಮಗ. ಅವನ ಹಿಂದೆ ಒಬ್ಬ ಮಗಳು, ಮರಿತಾಯಮ್ಮ. ಗಂಟು ಬಿಚ್ಚಿದ ಮೇಲೆ ಅಲ್ಲೇ ಸಂಸಾರ. ಪುಟ್ಟಮಾದಯ್ಯ ಮುಳ್ಳು ಕಡಿದು ಎದೆಮಟ್ಟದ ಸುತ್ತುಬೇಲಿ ಹಾಕಿದ, ಅದೇ ರೊಪ್ಪ. ನೀರಿಗೆ ಒಂದು ಉಪಾಯ ಬೇಕಿತ್ತು. ದೂರದ ಕಟ್ಟೆಗೆ ಎಳೆಮರಿಗಳನ್ನು ಅಟ್ಟಿದರೆ ಚಿರತೆ ಕಾದಿರುತ್ತಿತ್ತು. ಅವನು ಒಂದು ಬಂಡೆಯನ್ನು ಆರಿಸಿಕೊಂಡು ಉಳಿ ಹಿಡಿದು ತೋಡತೊಡಗಿದ. ಕಲ್ಲುಕೆಲಸ ಬಾರದವನು. ಒಂದು ಮೂಲೆ ಒಡೆದುಹೋಯಿತು. ವರ್ಷಗಟ್ಟಲೆ ಕುಟ್ಟಿ ಕಡೆಗೂ ಒಂದು ಬಾನಿ ಮಾಡಿದ.

“ಅವ್ನು ಬಾನಿ ತೋಡ್ದ ಅಂತ ಸುತ್ತ ಅಳ್ಳಿಗೆಲ್ಲ ಗೊತ್ತು. ಅದ ತುಂಬ್ದೋಳು ಯಾರು ಅಂತ ಒಬ್ರಾದ್ರೂ ಕೇಳವ್ರಾ? ಕೊಡ ಒತ್ತು ಒತ್ತು ನನ್ ನೆತ್ತಿ ಕೂದ್ಲೆ ಓಗ್ಬುಟ್ಟದೆ, ನೋಡಿ” ಎಂದು ತಲೆ ಬಗ್ಗಿಸಿ ತೋರಿಸಿದಳು. ನಿಜವಾಗಿಯೂ ನಡುನೆತ್ತಿ ಬೋಳಾಗಿತ್ತು.

ಒಬ್ಬ ಉಳಿದನೆಂದು ಇನ್ನೊಬ್ಬ ಬಂದ. ಕ್ರಮೇಣ ನಾಲ್ಕಾರು ಗುಡಿಸಲಾಗಿ, ಅದಕ್ಕೆ ರೊಪ್ಪದಹಟ್ಟಿ ಎಂಬ ಹೆಸರೂ ಬಂತು. ಬೇಸಗೆಯಲ್ಲಿ ಕಿರುಗಾವಲಿನ ರೈತರು ಪುಟ್ಟಮಾದಯ್ಯನನ್ನು ಕರೆದು ತಮ್ಮ ಹೊಲಗಳಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಕುರಿಗಳು ಹೊಲದಲ್ಲಿ ಮಲಗಿ ಎದ್ದರೆ ನೆಲಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ರಾಗಿ. ಯಾರ ಹೊಲಕ್ಕೆ ಮೊದಲು ಎನ್ನುವುದು ಅವನ ಮರ್ಜಿ. ದೊಡ್ಡ ಕುಳಗಳೂ ಅವನ ಗುಡಿಸಲಿನವರೆಗೆ ನಡೆದು ಹೋಗಿ ಕೇಳಬೇಕಾಗಿತ್ತು. ಆತಗೂರಿನಲ್ಲಿ ಪರರ ಕುರಿ ಕಾದವನಿಗೆ ಅದೇನು ಸಣ್ಣದಲ್ಲ.

ಅವನಿಗೆ ಎಲ್ಲಕ್ಕಿಂತ ಹೆಮ್ಮೆ ಅವನ ಟಗರು. ಬಂಡೂರು ಕಡೆಯಿಂದ ಒಂದು ಮರಿ ತಂದು, ಅದರ ಮಗ, ಮಗನ ಮಗ ಎಂದು ಒಂದೇ ಬಳ್ಳಿಯನ್ನು ಉಳಿಸಿಕೊಂಡು ಬಂದಿದ್ದ. ಗಿಡ್ಡ ಕಾಲು, ದುಂಡನೆ ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಮಡಕೆ. ಈ ಟಗರಿನ ವಿಷಯದಲ್ಲಿ ಅವರಲ್ಲೊಂದು ಕಟ್ಟಳೆ ಇದೆ. ರೊಪ್ಪ ಹೂಡುವ ದಿನ ಮುಳ್ಳುಬೇಲಿಯ ಬಾಯಲ್ಲಿ ಯಜಮಾನ ತನ್ನ ಕಂಬಳಿ ಹಾಸುತ್ತಾನೆ. ಬೀಜದ ಟಗರನ್ನು ಅದರ ಮೇಲೆ ನಡೆಸಿ ಒಳಕ್ಕೆ ಬಿಡುತ್ತಾರೆ. ಅಂದಿನಿಂದ ಆ ಕಂಬಳಿ ಎಲ್ಲಿಯೋ ಟಗರು ಅಲ್ಲಿ. ಅದನ್ನು ಮಾರುವಂತಿಲ್ಲ, ಪಾಲಿಗೆ ಬಿಡುವಂತಿಲ್ಲ, ಹೆಣ್ಣು ಕೊಟ್ಟ ಮನೆಗೆ ಅಟ್ಟುವಂತಿಲ್ಲ. ಮುದಿಯಾದರೆ ಅದರ ಮಗನನ್ನು ಹಾಗೆಯೇ ಕಂಬಳಿ ದಾಟಿಸುತ್ತಾರೆ. ಕಂಬಳಿ ಹರಿದರೆ ಹೊಸದಕ್ಕೆ ಹಳೆಯದರ ಅಂಚು ಕತ್ತರಿಸಿ ಹೊಲಿಯುತ್ತಾರೆ. ಟಗರು ಬೇರೆಯವರ ಪಾಲಾದರೆ ರೊಪ್ಪ ಹಾಳು ಬಿದ್ದಂತೆ.

“ಕಂಬಳಿಯೇ ಬೇರೆ ಊರಿಗೆ ಹೋದರೆ?” ಎಂದು ನಾನು ಕೇಳಿದೆ.

“ಓದ್ರೆ ಟಗರೂ ಓಯ್ತದೆ. ಕಂಬಳಿ ಎಲ್ಲಿಗೋಗದು ಬುಡಿ. ಅದ ಒದ್ಕಂಡೋನು ಕೂತ್ ತಾವಿಂದ ಏಳದೇ ಕಷ್ಟ.”

ನಾವು ಕಿರುಗಾವಲಿಗೆ ಬರುವ ಎರಡು ವರ್ಷ ಮೊದಲೇ ಉಪನಾಲೆಯ ನೀರು ಕಾರೆಮೆಳೆಯ ಪಕ್ಕದಲ್ಲಿ ಹರಿದಿತ್ತು. ನೀರು ಬಂದ ದಿನ ಪುಟ್ಟಮಾದಯ್ಯ ಕುರಿಗಳನ್ನೆಲ್ಲ ಏರಿಯ ಮೇಲೆ ನಿಲ್ಲಿಸಿ, ತಾನು ಸೊಂಟದವರೆಗೆ ಇಳಿದು ನಿಂತಿದ್ದನಂತೆ. ಮನೆಗೆ ಬಂದವನೇ ಕಲ್ಲುಬಾನಿಯನ್ನು ಮೀಟಿ ಮಗುಚಿಹಾಕಿದ.

“ಅದ್ರ ಮ್ಯಾಲೆ ಕುಂತ್ಕಂಡು ಎಲಡ್ಕೆ ಅಗೀತಿದ್ದ, ದೊರೆ ಅಂಗೆ” ಎಂದಳು ಬೋರಮ್ಮ. “ನಾನೂ ಪಕ್ಕದಲ್ಲೇ ಕುಂತೆ. ಯಾಕ್ ಸುಳ್ ಯೋಳ್ಲಿ. ಇನ್ ಕೊಡ ಒರಂಗಿಲ್ಲ ಅಂತ.”

ನಾಲೆಯ ಕೆಳಗಿನ ತಗ್ಗಿಗೆ ನೀರು ಜಿನುಗಿ, ಬೇಸಗೆಯಲ್ಲೂ ಬಾಡದ ಹುಲ್ಲು ಬೆಳೆಯಿತು. ಮೂವತ್ತು ವರ್ಷದ ಮೇಲೆ ಕುರುಚಲು ಮೇಯಿಸಿದವನ ಕಣ್ಣಿಗೆ ಆ ಹಸಿರು ಹೇಗೆ ಕಂಡಿರಬೇಕು. ಅವನು ಮಂದೆಯನ್ನು ಅಲ್ಲಿಂದ ಎಬ್ಬಿಸಲೇ ಇಲ್ಲ. ಮೊದಲ ವರ್ಷ ಕುರಿಗಳು ಮಿರಮಿರ ಮಿಂಚಿದವು. ನೋಡಲು ಬಂಡೂರಿನಿಂದ ಜನ ಬಂದರು.

ನಾನು ಬೋರಮ್ಮನನ್ನು ಕಂಡ ಮಳೆಗಾಲಕ್ಕೆ ಅವು ಸಾಯತೊಡಗಿದ್ದವು. ಮೊದಲು ಗದ್ದದ ಕೆಳಗೆ ನೀರು ತುಂಬಿದಂಥ ಬಾವು. ಕಣ್ಣಿನ ಒಳಗು ಬಿಳಿಚಿಕೊಳ್ಳುವುದು. ಮಂದೆಯಿಂದ ಸರಿದು ಒಂಟಿಯಾಗಿ ನಿಲ್ಲುವುದು. ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ಕಾಲು ನೀಡಿರುವುದು. ಪುಟ್ಟಮಾದಯ್ಯ ಕಣ್ಣು ತಗುಲಿದೆ ಎಂದ. ಮಾದಪ್ಪನಿಗೆ ಹರಕೆ ಕಟ್ಟಿದ. ಸೊರಗಿದ ಕುರಿಗಳಿಗೆ ಚೈತನ್ಯ ಬರಲೆಂದು ಅವನ್ನೇ ಆರಿಸಿ, ಎಲ್ಲಕ್ಕಿಂತ ಹಸಿರಾದ, ಎಲ್ಲಕ್ಕಿಂತ ಜೌಗಾದ ತಗ್ಗಿಗೆ ಒಯ್ದು ಮೇಯಿಸಿದ. ನಡೆಯಲಾರದವಕ್ಕೆ ಅಲ್ಲಿಂದಲೇ ಹುಲ್ಲು ಕೊಯ್ದು ತಂದು ಬಾಯಿಗಿಟ್ಟ. ಎಷ್ಟು ಸೊರಗಿದರೆ ಅಷ್ಟು ಹಸಿರು. ಹೊಟ್ಟೆ ತುಂಬಿಕೊಂಡೇ ಅವು ಸತ್ತವು.

ಆ ದಿನಗಳಲ್ಲಿ ಮಳವಳ್ಳಿಯ ದನದ ಡಾಕ್ಟರು ಒಮ್ಮೆ ನಮ್ಮಲ್ಲಿಗೆ ಕಾಫಿಗೆ ಬಂದಿದ್ದರು. ನಮ್ಮ ಯಜಮಾನರು ವಿಷಯ ಎತ್ತಿದಾಗ, ಜೌಗು ಹುಲ್ಲಿನಿಂದ ಹೊಟ್ಟೆಗೆ ಹುಳ ಹೋಗುತ್ತದೆ, ಈಲಿಗೆ, ಅಂದರೆ ಲಿವರಿಗೆ, ಸೇರುತ್ತದೆ, ಉಳಿದವನ್ನು ಒಣ ಬೆಟ್ಟದ ಕಡೆ ಹೊಡೆದರೆ ಬದುಕಾವು ಎಂದರು. ಇವರು ಮಾರನೆಯ ದಿನವೇ ಸೈಕಲ್ಲಿನಲ್ಲಿ ಹೋಗಿ ಹೇಳಿಬಂದರು.

“ಏನೆಂದ?” ಎಂದು ಕೇಳಿದೆ.

“ಸ್ವಾಮಿ, ನಿಮ್ಮ ನಾಲೆ ನೀರನ್ನ ನಾ ಬಯ್ಯಕಿಲ್ಲ, ನೀವೂ ಬಯ್ಯಬ್ಯಾಡಿ ಅಂದ” ಎಂದು ಇವರು ಷರಟು ಕಳಚುತ್ತ ಹೇಳಿದರು. “ನಾಲೆಯವನು ನಾನು. ನಾಲೆಯ ಪರ ವಾದ ಮಾಡಿದವನು ಅವನು. ಇನ್ನೇನು ಹೇಳಲಿ?”

ನನಗೆ ಅಷ್ಟರಲ್ಲಿ ಬೇರೆ ಚಿಂತೆ ಹತ್ತಿತ್ತು. ಕುರಿಗಳ ಹುಳ ಆಡಿನ ಹಾಲಿಗೆ ಬಂದರೆ? ಬೋರಮ್ಮನನ್ನು ಕೇಳಿಯೇಬಿಟ್ಟೆ. ಅವಳಿಗೆ ಬೇಸರವಾಗಲಿಲ್ಲ.

“ಆಡು ತಲೆ ಎತ್ತಿ ಗಿಡದ್ ಸೊಪ್ಪು ತಿಂತವೆ, ಬದುಕವೆ. ಕುರಿ ಬಗ್ಗಿ ಮೇಯ್ತವೆ, ಸಾಯ್ತವೆ. ನಾನೂ ಅವ್ನಿಗ್ ಯೋಳಿ ಯೋಳಿ ಸಾಕಾದೆ. ಉಲ್ಲು ಇಲ್ದೆ ಸತ್ತದ್ದ ನೋಡಿವ್ನಿ, ಉಲ್ಲು ತಿಂದು ಸಾಯದು ಉಂಟಾ ಅಂತಾನೆ. ನಿಮ್ ಮಗೀಗೆ ಏನಾಗಕಿಲ್ಲ, ಕುಡುಸಿ.”

ಕುಡಿಸಿದೆ. ಆದರೂ ಮೂರನೆಯ ಸಲ ಕಾಯಿಸಿದೆ.

ಕಾರ್ತೀಕದಲ್ಲಿ ಒಂದು ಸಲ ಬೋರಮ್ಮ ಎರಡು ದಿನ ಬರಲಿಲ್ಲ. ಮಗು ಮತ್ತೆ ಕಕ್ಕತೊಡಗಿತು. ನಾನು ಊಟ ಬಿಟ್ಟು ಕೂತದ್ದನ್ನು ನೋಡಿ ಇವರು ಗಾಡಿ ಕಟ್ಟಿಸಿ ನನ್ನನ್ನೂ ಮಗುವನ್ನೂ ಕಾರೆಮೆಳೆಗೆ ಕರೆದುಕೊಂಡು ಹೋದರು. ತಾವು ತೂಬು ನೋಡಲು ಮುಂದೆ ಹೋದರು. ಪುಟ್ಟಮಾದಯ್ಯನನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಮಗುಚಿದ ಬಾನಿಯ ಮೇಲೆ ಕೂತಿದ್ದ. ಉದ್ದನೆಯ ಮುದುಕ, ಹೆಗಲ ಮೇಲೆ ಕರಿಕಂಬಳಿ, ಅದರ ಒಂದಂಚಿಗೆ ಬೇರೆ ಬಣ್ಣದ ಹಳೆಯ ತುಂಡು. ರೊಪ್ಪದೊಳಗೆ ಕುರಿಗಿಂತ ಖಾಲಿ ನೆಲವೇ ಹೆಚ್ಚು ಕಾಣುತ್ತಿತ್ತು. ಬೇಲಿಯ ಬಾಯಲ್ಲಿ ಟಗರು ನಿಂತಿತ್ತು. ಹಲಗೂರಿನ ಆಚೆ ಬೆಟ್ಟದ ತಪ್ಪಲಿಗೆ ಕೊಟ್ಟಿದ್ದ ಮಗಳು ಮರಿತಾಯಮ್ಮ ಬಂದಿದ್ದಳು. ಜಗಳ ನಡೆದಿತ್ತು. ಬೋರಮ್ಮ ಬಾರದ್ದು ಅದಕ್ಕೇ.

“ಅಪ್ಪ, ನಮ್ ಕಡೆ ಒಣ್ಗಿದ್ ಉಲ್ಲು. ಕಲ್ ನೆಲ. ಒಂದ್ ಅನಿ ನೀರ್ ನಿಲ್ಲಕಿಲ್ಲ. ಇರಾವ್ನಾದ್ರೂ ಒಡ್ಕಂಡ್ ಬಾ” ಎನ್ನುತ್ತಿದ್ದಳು ಮರಿತಾಯಮ್ಮ.

“ಕುರಿ ಬೇಕಾರೆ ಒಡ್ಕಂಡೋಗು. ಟಗರು ಬರಕಿಲ್ಲ.”

“ಟಗರಿಲ್ದೆ ಬರೇ ಕುರಿ ತಕಂಡು ಏನ್ ಮಾಡ್ಲಿ? ನಿನ್ ತಳಿ ಅಲ್ಲೀಗ್ ಮುಗೀತದೆ. ಟಗರು ಬರಬೇಕು. ಟಗರು ಬರಬೇಕಂದ್ರೆ ನೀ ಬರಬೇಕು.”

“ಕೊಟ್ ಮನೇಲಿ ಓಗ್ ಬಿದ್ದಿರಾನಾ? ನಿನ್ ಮನೇಲಿ ನಾನು ನೀರ್ ಕುಡಿಯಾನಾ?”

“ನೀ ಕುಡೀಬ್ಯಾಡ. ಕುರಿ ಕುಡೀಲಿ.”

ಚಿಕ್ಕಮಾದು ಬೇಲಿಗೆ ಒರಗಿ ನಿಂತಿದ್ದ. ಅವನ ಕಾಲಿಗೆ ಗದ್ದೆಯ ಕೆಸರು ಮೆತ್ತಿತ್ತು. ನಾಲೆ ಬಂದ ಮೇಲೆ ಅವನು ಕುರಿ ಬಿಟ್ಟು ಭತ್ತ ಹಿಡಿದಿದ್ದ. “ಎಲ್ಲ ಸತ್ ಮ್ಯಾಕೆ ಟಗರ್ನ ಕಂಬಳಿ ಒಳೀಕ್ ಮನಗಿಸ್ಕಳಪ್ಪ, ಚಳಿಗಾಯ್ತದೆ” ಎಂದ.

“ಬಾಯ್ ಮುಚ್ಲಾ. ನಿಂಗೆ ಈ ರೊಪ್ಪದ್ ನೆಲದ ಮ್ಯಾಲ್ ಕಣ್ಣು.”

“ಊ ಕಣಪ್ಪ, ಕಣ್ಣೇ. ಇಲ್ಲ ಅಂದ್ನಾ? ಇಷ್ಟ್ ವರ್ಸ ಕುರಿ ಗೊಬ್ರ ಬಿದ್ದದೆ. ಬತ್ತ ಆಕುದ್ರೆ ಉಣ್ಣೋರು ನಿನ್ ಮೊಮ್ಮಕ್ಳೇ. ನಿನ್ ಟಗರೇನ್ ಅವ್ಕೆ ಅನ್ನ ಇಕ್ತದಾ?”

ಅವನ ಹೆಂಡತಿ ಸೋಮಮ್ಮ ಬಸುರಿ. ಒಂದು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೋರಮ್ಮ ನನಗೆ ಆಡಿನ ಹಾಲು ಕರೆಯುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು: “ಓಗು ಅಂತ ನಾನೂ ಯೋಳ್ದೆ. ಪ್ಲೇಗಿನಾಗೆ ಎದ್ ಬಂದೋನಿಗೆ ಈಗ ಏಳಕೇನು?”

“ಅವಾಗ ನನ್ ಕಾಲಲ್ ನಾ ಬಂದೆ. ಈಗ ಅಳಿಯನ್ ಅಂಗ್ಳದಾಗ್ ಕುಂತು, ಅವ್ನು ಉಂಡ ಮ್ಯಾಲೆ ಉಣ್ಣದಾ?” ಎಂದವನು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದ. “ನೀವೇ ಯೋಳಿ ಅಮ್ಮಾರೆ, ಓದ್ದೋರು. ಮಗಳ ಮನೇಲಿ ಇರೋ ಗಂಡಸ್ನ ನಿಮ್ ಪಟ್ಣದಲ್ಲಿ ಏನಂತಾರೆ?”

ನನಗೆ ಮೈಸೂರಿನ ನಮ್ಮ ಮನೆ ಕಣ್ಣಿಗೆ ಬಂತು. ಅಮ್ಮನ ಅಪ್ಪ, ನಮ್ಮ ತಾತ, ಕಡೆಗಾಲದಲ್ಲಿ ನಮ್ಮೊಡನೆ ಇದ್ದರು. ಅಪ್ಪ ಊಟ ಮುಗಿಸಿ ಎಲೆ ಎತ್ತುವವರೆಗೂ ಜಗಲಿಯಲ್ಲಿ ಪಂಚಾಂಗ ಬಿಡಿಸಿಕೊಂಡು ಕೂತಿರುತ್ತಿದ್ದರು. ಯಾರೂ ಒಂದು ಮಾತು ಅಂದದ್ದಿಲ್ಲ. ಆದರೂ ಅನ್ನ ಎರಡನೆಯ ಸಲ ಬಡಿಸಿಕೊಂಡದ್ದನ್ನು ನಾನು ನೋಡಿಲ್ಲ. ಅದನ್ನು ಹೇಳಿದರೆ ಇವನು ಹೋಗುವುದಿಲ್ಲ. ಹೇಳದೆ ಏನು ಹೇಳಲಿ? ಮಗು ಅಳುತ್ತಿದೆ ಎಂದು ನೆಪ ಮಾಡಿ ಎದ್ದುಬಿಟ್ಟೆ. ಮಗು ಅಳುತ್ತಿರಲಿಲ್ಲ.

ಮರಿತಾಯಮ್ಮ ಗಂಡನ ಮನೆಗೆ ಬರಿಗೈಯಲ್ಲಿ ವಾಪಸು ಹೋದಳು. ಬೋರಮ್ಮ ಮತ್ತೆ ದಿನಾ ಹಾಲು ತಂದಳು. ಕುರಿಗಳ ವಿಷಯ ಕೇಳಿದರೆ, “ಇವತ್ತೊಂದ್ ಓಯ್ತು” ಎನ್ನುವಳು, ಇಲ್ಲವೆ ಕೈಯಾಡಿಸುವಳು. ಕೇಳುವುದನ್ನು ಬಿಟ್ಟೆ.

ಸಂಕ್ರಾಂತಿ ಹತ್ತಿರವಿತ್ತು. ಒಂದು ಬೆಳಗ್ಗೆ ಅವಳು ಚೊಂಬು ಕೊಟ್ಟು ಮೆಟ್ಟಿಲ ಮೇಲೆ ಕೂರದೆ ಗೋಡೆ ಹಿಡಿದು ನಿಂತಳು.

“ಟಗರಿಗೆ ಗದ್ದ ಇಳೀತು ಕಣವ್ವ.”

ಹಿಂದಿನ ದಿನ ಪುಟ್ಟಮಾದಯ್ಯ ಟಗರಿನ ಗದ್ದ ಸವರಿದನಂತೆ. ಹೆಬ್ಬೆರಳಿನಿಂದ ಒತ್ತಿದ. ಒತ್ತಿದ ಗುಳಿ ಹಾಗೇ ನಿಂತಿತು, ಮೇಲೆ ಬರಲಿಲ್ಲ. ಸಂಜೆ ಹಸಿಹುಲ್ಲಿನ ಹೊರೆ ಎತ್ತಿ ನಾಲೆಗೆ ಎಸೆದು ಬಂದ. “ಮಗಳಿಗೆ ಯೋಳ್ಕಳ್ಸು ಅಂದ. ಅಷ್ಟೇಯ” ಎಂದಳು. ಹೇಳಿಕಳಿಸಿದ್ದಾಗಿತ್ತು. ಇಷ್ಟು ದಿನ ಹೋಗು ಹೋಗು ಎಂದು ಹಿಂದೆ ಬಿದ್ದವಳು ಈಗ ಗೆದ್ದವಳ ಹಾಗೆ ಕಾಣಲಿಲ್ಲ. ನಮ್ಮತ್ತೆ ಯಾವತ್ತೂ ಇಲ್ಲದವರು ಒಂದು ಲೋಟ ಕಾಫಿ ತಂದು ಮೆಟ್ಟಿಲ ಮೇಲಿಟ್ಟರು. ಅವಳು ಅದನ್ನು ಆರಿಸಿಕೊಂಡು, ಔಷಧದ ಹಾಗೆ ಕುಡಿದಳು.

ಸಂಕ್ರಾಂತಿ ಕಳೆದ ಮೇಲೆ ಅವರು ಹೊರಟರು. ಮಳವಳ್ಳಿಯ ರಸ್ತೆ ನಮ್ಮ ಮನೆಯ ಮುಂದೆಯೇ. ಬಿಸಿಲೇರುವ ಮೊದಲು ಮರಿತಾಯಮ್ಮ ಮುಂದಾಗಿ, ಹಿಂದೆ ಕೈಬೆರಳಿನಲ್ಲಿ ಎಣಿಸುವಷ್ಟು ಕುರಿಗಳು, ಎಲ್ಲಕ್ಕೂ ಹಿಂದೆ ಟಗರು, ಅದರ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡು ಪುಟ್ಟಮಾದಯ್ಯ. ಕಂಬಳಿ ಮಡಿಸಿ ಹೆಗಲ ಮೇಲೆ ಹಾಕಿದ್ದ. ಪಕ್ಕದಲ್ಲಿ ಬೋರಮ್ಮ, ಕೈಯಲ್ಲಿ ನಮ್ಮ ಹಾಲಿನ ಚೊಂಬು. ಅವಳೂ ಹೊರಟಳು, ಇನ್ನು ಹಾಲಿಗೆ ಏನು ಗತಿ ಎಂದುಕೊಂಡೆ. ಆ ಗಳಿಗೆಯಲ್ಲೂ ನನಗೆ ಹೊಳೆದದ್ದು ಅದೇ. ನಮ್ಮ ಮನೆಯ ಮೂಲೆಗೆ ಬಂದು ಅವಳು ನಿಂತುಬಿಟ್ಟಳು.

ಅವನು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದ. “ನೀ ಬರಕಿಲ್ವಾ?”

“ಇಲ್ಲ.”

“ಓಗು ಓಗು ಅಂದೋಳ್ ನೀನೆಯ.”

“ನಿನ್ನ ಓಗು ಅಂದೆ. ನಾ ಬತ್ತೀನಿ ಅಂದ್ನಾ? ಸೋಮಿಗೆ ದಿನ ತುಂಬ್ತಾ ಅವೆ. ಯಾರು ನೋಡ್ತಾರೆ?”

“ಎರಿಗೆ ಆದ್ ಮ್ಯಾಲೆ?”

“ಇನ್ನೊಂದ್ ರೊಪ್ಪಕ್ಕೆ ನೀರ್ ಒರಕೆ ನನ್ ಕುತ್ಗೆ ಆಗಕಿಲ್ಲ ಕಣಯ್ಯ. ಒಂದ್ ಆಯ್ತಲ್ಲ. ಟಗರು ನಿನ್ ಕಂಬಳಿ ತವ ಇರ್ಲಿ. ಮೊಮ್ಮಕ್ಳು ನನ್ ತವ ಇರ್ತವೆ.”

ಟಗರು ನಿಂತು ರಸ್ತೆಯ ಬದಿಯ ಗರಿಕೆಗೆ ಬಾಯಿ ಹಾಕಿತು. ಅವನು ಅದನ್ನು ಬಿಡಿಸಿದ. “ಸರಿ ಬುಡು” ಎಂದ. ಹೋದ. ಅವಳು ಅವನಿಗೆ ಬೆನ್ನು ಹಾಕಿ, ಬಳಸಿಕೊಂಡು ನಮ್ಮ ಹಿತ್ತಿಲಿಗೆ ಬಂದಳು. ಹಾಲು ಸುರಿದಳು. ಅವತ್ತು ನಾನು ಒಂದೇ ಸಲ ಕಾಯಿಸಿದೆ.

ರೊಪ್ಪದ ಬೇಲಿಯನ್ನು ಚಿಕ್ಕಮಾದು ಅದೇ ವಾರ ಕಿತ್ತು ಸುಟ್ಟ. ಸೋಮಮ್ಮನಿಗೆ ಗಂಡುಮಗು ಆಯಿತು. ಮುಂಗಾರಿನಲ್ಲಿ ಆ ನೆಲದಲ್ಲಿ ಭತ್ತ ನೆಟ್ಟರು. ಬಾನಿಯನ್ನು ಮತ್ತೆ ಬಾಯಿ ಮೇಲಾಗಿ ಮಗುಚಿದ್ದರು. ಬಿತ್ತನೆ ಭತ್ತ ನೆನೆಹಾಕಲು ಹೇಳಿಮಾಡಿಸಿದಂತಿತ್ತು ಎಂದಳು ಬೋರಮ್ಮ. ಪೈರು ಮಾತ್ರ ಸೊಕ್ಕಿ ಆಳೆತ್ತರ ಬೆಳೆದು, ತೆನೆ ಬಲಿಯುವ ಮೊದಲೇ ಮಲಗಿಬಿಟ್ಟಿತು. ಹುಲ್ಲು ಬಂತು, ಕಾಳು ಬರಲಿಲ್ಲ.

ಆ ವರ್ಷದ ಕೊನೆಗೆ ನಾವು ಹಲಗೂರಿಗೆ ಹೋಗಿದ್ದೆವು. ಇವರ ಸೋದರಮಾವ ಚಲುವನಾರಾಯಣರು ಅಲ್ಲಿ ಸ್ಕೂಲು ಮೇಷ್ಟರು. ವಾಪಸು ಬರುವ ದಿನ ಬಸ್ಸಿಗೆ ಕಾಯುತ್ತಿದ್ದಾಗ ಮರಿತಾಯಮ್ಮ ನಮ್ಮನ್ನು ಗುರುತು ಹಿಡಿದು ಹತ್ತಿರ ಬಂದಳು. ಟಗರು ಬದುಕಿದೆ ಎಂದಳು. ಬಾವು ಇಳಿಯಲು ತಿಂಗಳುಗಳೇ ಹಿಡಿದವಂತೆ. ಎರಡು ಮರಿ ಅದರದೇ ಅಚ್ಚು, ಅದೇ ಗಿಡ್ಡ ಕಾಲು.

“ಅಪ್ಪ ಹೇಗಿದ್ದಾನೆ?”

“ಅವ್ನಾ? ನಮ್ ಒಲದ್ ಗಡಿ ಕಲ್ಲಿಂದ ಆಚೀಗೆ ರೊಪ್ಪ ಆಕವ್ನೆ. ಒಂದ್ ಮಾರ್ ಈಚೀಗೆ ಆಕುದ್ರೆ ಅಳಿಯನ್ ನೆಲ ಆಯ್ತದಲ್ಲ. ನಮ್ ಮನೆ ನೀರು ಇವತ್ತಿನ್ ಗಂಟ ಮುಟ್ಟಿಲ್ಲ. ಅಳ್ಳದಿಂದ ತಾನೇ ಒತ್ಕಂಡ್ ಬತ್ತಾನೆ. ನನ್ ಗಂಡ ಕರ್ದು ಕರ್ದು ಸಾಕಾಗಿ ಬುಟ್ಬುಟ್ಟ.”

ಅವಳ ಹಿಂದೆ ಯಾರೋ ಬಂದು ನಿಂತರು. ಪುಟ್ಟಮಾದಯ್ಯ. ನನಗೆ ತಕ್ಷಣ ಗುರುತು ಸಿಗಲಿಲ್ಲ. ಆಮೇಲೆ ಯಾಕೆಂದು ತಿಳಿಯಿತು: ಹೆಗಲ ಮೇಲೆ ಕಂಬಳಿ ಇರಲಿಲ್ಲ. ಪಂಚೆ, ಒಂದು ಹಳೆಯ ಅಂಗಿ, ಕಂಕುಳಲ್ಲಿ ಗಂಟು. ನಡುನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು.

“ಬದುಕ್ತು ಬುಡಿ” ಎಂದ, ನಮ್ಮ ಕಸ್ತೂರಿಯನ್ನು ನೋಡಿ. ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿ, “ನಾಲೇಲಿ ನೀರು ಸಂದಾಕೆ ಬತ್ತಾ ಅದಾ ಸ್ವಾಮಿ?” ಎಂದು ಕೇಳಿದ.

ಬರುತ್ತಿದೆ ಎಂದರು. ರೊಪ್ಪದ ನೆಲದ ಭತ್ತ ಮಲಗಿದ್ದನ್ನೂ ಹೇಳಿದರು.

“ಗೊಬ್ರದ್ ಕಾವು. ಅಷ್ಟ್ ವರ್ಸದ್ದು, ಒಂದ್ ಬೆಳೆಗೆ ಎಲ್ಲಿ ಇಳೀತದೆ” ಎಂದ. ಮಗನ ಬೆಳೆ ಕೆಟ್ಟದ್ದಕ್ಕೆ ಸಮಾಧಾನವೂ ಇರಲಿಲ್ಲ, ಸಂಕಟವೂ ಇರಲಿಲ್ಲ ಆ ಮಾತಿನಲ್ಲಿ. ಸುಸ್ತಿತ್ತು.

ಬಸ್ಸು ಬಂತು. ಅವನೂ ಹತ್ತಿದ. ಮೊಮ್ಮಗನನ್ನು ನೋಡಲು ಹೊರಟಿದ್ದಾನೆ, ಎರಡು ದಿನದ ಮಟ್ಟಿಗೆ ಎಂದು ಮರಿತಾಯಮ್ಮ ಕಿಟಕಿಯ ಹೊರಗೆ ನಿಂತು ಹೇಳಿದಳು. ಕುರಿಗಳನ್ನು ಅವಳೇ ನೋಡಿಕೊಳ್ಳುತ್ತಾಳೆ.

ಮಾರ್ಗಶಿರದ ಚಳಿ. ಬಸ್ಸಿನ ಕಿಟಕಿಗಳಿಗೆ ಪರದೆಯೂ ಇರಲಿಲ್ಲ. ನಾನು ಮಗುವಿಗೆ ಎರಡು ಸುತ್ತು ಶಾಲು ಸುತ್ತಿದ್ದೆ. ಎದುರು ಸೀಟಿನಲ್ಲಿ ಅವನು ಎರಡು ಕೈಯನ್ನೂ ಎದೆಗೆ ಕಟ್ಟಿಕೊಂಡು ನಡುಗುತ್ತ ಕೂತಿದ್ದ. ಆಗಾಗ ಅವನ ಬಲಗೈ ಎಡ ಹೆಗಲಿಗೆ ಹೋಗಿ, ಎಳೆದುಕೊಳ್ಳಲು ಅಂಚು ಸಿಕ್ಕದೆ, ವಾಪಸು ಬರುತ್ತಿತ್ತು.

“ಕಂಬಳಿ ತರಬಾರದಿತ್ತೇ?” ಎಂದೆ, ತಡೆಯಲಾರದೆ.

“ತಂದ್ರೆ ಟಗರ್ನೂ ತರಬೇಕಾಯ್ತದಲ್ಲವ್ವ.” ಕೈ ಮತ್ತೆ ಎದೆಗೆ ಕಟ್ಟಿಕೊಂಡು, “ಬೇಲಿ ಬಾಯ್ಗೆ ಆಸಿ ಬಂದಿವ್ನಿ” ಎಂದ.

ಕಿರುಗಾವಲಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ನಾವು ಬರುವ ದಿನವೆಂದು ಬೋರಮ್ಮ ಹಾಲು ತಂದು ನಮ್ಮ ಜಗಲಿಯ ಮೇಲೆ ಕೂತಿದ್ದಳು, ಸೋಮಮ್ಮನ ಮಗುವನ್ನು ಮಡಿಲಲ್ಲಿ ಹಾಕಿಕೊಂಡು. ಅವನನ್ನು ನೋಡಿದಳು. ಏಳಲಿಲ್ಲ. ಅವಳ ಕಣ್ಣು ಮೊದಲು ಹೋದದ್ದು ಅವನ ಮುಖಕ್ಕಲ್ಲ, ಹೆಗಲಿಗೆ.

“ಕಂಬಳಿ?”

“ಅಲ್ಲೇ ಅದೆ.”

ಅವಳು ತಲೆದೂಗಿದಳು. ಮಗುವನ್ನು ಎತ್ತಿ ಅವನ ಕೈಗೆ ಕೊಟ್ಟು, ತನ್ನ ಸೆರಗು ಬಿಡಿಸಿ ಒಂದು ಸಲ ಕೊಡವಿ, ಅವನ ಬೆನ್ನಿನ ಮೇಲೆ ಹೊದಿಸಹೋದವಳು, ನಾವೆಲ್ಲ ನೋಡುತ್ತಿದ್ದುದರಿಂದ ಸುಮ್ಮನಾದಳು.

“ನಡಿ” ಎಂದಳು. “ಓಗೋ ಅಷ್ಟ್ರಲ್ಲಿ ಕತ್ಲಾಯ್ತದೆ. ಬೇಗ ಎಜ್ಜೆ ಆಕು, ಮೈ ಬೆಚ್ಗಾಯ್ತದೆ.”